ಒಂದು ಭಾನುವಾರ, ನಾಲ್ಕು ಜಾಗ, 38 ಟ್ಯೂಬು: ಪುಣೆಯಲ್ಲಿ ಜೇಡ ಹುಡುಕಿ ಹೋದದ್ದು

ಟೇಕಡಿ_ಟೀಚರ್ · ಸೋಮವಾರ ರಾತ್ರಿ 9:40

ಪುಣೆಯ ಕನ್ನಡ ಬಳಗಕ್ಕೆ ನಮಸ್ಕಾರ. ನಿನ್ನೆ ನಮ್ಮ ಸೊಸೈಟಿಯ ಒಂಬತ್ತು ಮಕ್ಕಳು, ಆರು ಮಂದಿ ದೊಡ್ಡವರು ಸೇರಿ ಜೇಡ ಹುಡುಕಲು ಹೋಗಿದ್ದೆವು. ನಾನು ಇಲ್ಲಿ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ಊರು ಧಾರವಾಡ. ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ಕೊನೆಯಲ್ಲಿ ಒಂದು ತಪ್ಪಿನ ಸಂಗತಿಯೂ ಇದೆ, ಅದಕ್ಕೆ ನಿಮ್ಮ ಸಹಾಯ ಬೇಕು.

ದಸರೆ ಮುಗಿದು ದೀಪಾವಳಿ ಬರುವ ಮೊದಲಿನ ಈ ಎರಡು ಮೂರು ವಾರ ಪುಣೆಯಲ್ಲಿ ಜೇಡ ನೋಡಲು ಬಲು ಚೆಂದ. ಮಳೆಗಾಲದುದ್ದಕ್ಕೂ ಹುಳ ತಿಂದು ಬೆಳೆದ ಜೇಡಗಳು ಈಗ ಪ್ರಾಯಕ್ಕೆ ಬಂದಿರುತ್ತವೆ, ಹುಲ್ಲು ಇನ್ನೂ ಒಣಗಿರುವುದಿಲ್ಲ. ಒಂದೇ ದಿನ ನಾಲ್ಕು ಬೇರೆ ಬೇರೆ ನೆಲೆ ನೋಡಬೇಕು, ಎಲ್ಲಿ ಯಾವುದು ಇದೆ ಎಂದು ಮಕ್ಕಳೇ ಬರೆದುಕೊಳ್ಳಬೇಕು ಎಂದು ಠರಾಯಿಸಿದ್ದೆವು. ಸಾಮಾನು ಅಂದರೆ ಮನೆಯಲ್ಲಿದ್ದವೇ: ಅಜ್ಜನ ಹಳೇ ಬಿಳಿ ದೋತರ, ಎರಡು ಕೊಡೆ, ಮೆತ್ತನೆ ಬಣ್ಣದ ಕುಂಚ, ಸೊಳ್ಳೆ ಪರದೆ ಕತ್ತರಿಸಿ ಹೊಲಿದ ಬಲೆ, ಹಣೆಗೆ ಕಟ್ಟುವ ಬ್ಯಾಟರಿ. ಪ್ಲಾಸ್ಟಿಕ್ ಟ್ಯೂಬು ಮತ್ತು ಜೇಡ ಕೆಡದಂತೆ ಹಾಕಿಡುವ 70 ಪ್ರತಿಶತದ ಸ್ಪಿರಿಟ್ಟು ಮಾತ್ರ ಕಾಲೇಜಿನ ಲ್ಯಾಬಿನಿಂದ.

ಬೆಳಿಗ್ಗೆ ಆರೂವರೆಗೆ ವೇತಾಳ ಟೇಕಡಿ, ಅಂದರೆ ವೇತಾಳ ಗುಡ್ಡ. ಅಲ್ಲಿ ಅರಣ್ಯ ಇಲಾಖೆಯ ಜಾಗ ಇದೆ, ಅನುಮತಿ ಇಲ್ಲದೆ ಒಂದು ಹುಳವನ್ನೂ ತರುವಂತಿಲ್ಲ. ಆದ್ದರಿಂದ ಅಲ್ಲಿ ನೋಡುವುದು, ಬರೆಯುವುದು, ಫೋಟೋ, ಅಷ್ಟೇ. ಟ್ಯೂಬಿನ ಚೀಲವನ್ನು ಗಾಡಿಯಲ್ಲೇ ಬಿಟ್ಟು ಹತ್ತಿದೆವು. ಇಬ್ಬನಿ ಇದ್ದುದರಿಂದ ಹುಲ್ಲಿನ ಬುಡದಲ್ಲಿ ಹಿಪ್ಪಾಸಾ ಜೇಡದ ಹಾಸುಬಲೆಗಳು ನೂರಾರು ಕರವಸ್ತ್ರ ಒಣಹಾಕಿದಂತೆ ಕಾಣುತ್ತಿದ್ದವು. ಪ್ರತಿಯೊಂದರ ಒಂದು ಮೂಲೆಯಲ್ಲಿ ಲಾಳಿಕೆಯಂಥ ತೂತು, ತೂತಿನ ಬಾಯಲ್ಲಿ ಎರಡು ಮುಂಗಾಲು. ಬಿಸಿಲೇರಿದ ಮೇಲೆ ಅದೇ ದಾರಿಯಲ್ಲಿ ಇಳಿದು ಬಂದರೆ ಒಂದೂ ಕಾಣಲಿಲ್ಲ. ಬಲೆಗಳು ಅಲ್ಲೇ ಇದ್ದವು, ತೋರಿಸುವ ನೀರು ಹೋಗಿತ್ತು.

ಆಮೇಲೆ ಜಾಲಿ ಗಿಡದಲ್ಲಿ ಸಾಮಾಜಿಕ ಜೇಡದ ಗೂಡು. ಸ್ಟೆಗೋಡೈಫಸ್ ಸರಸಿನೋರಮ್ ಅದರ ಹೆಸರು. ಒಣ ಎಲೆ, ಧೂಳು, ತಿಂದುಬಿಟ್ಟ ಹುಳದ ರೆಕ್ಕೆ ಎಲ್ಲ ಸೇರಿ ಹಳೇ ಅರಿವೆಯ ಉಂಡೆಯ ಹಾಗಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ನಾವು ಅರ್ಧ ಗಂಟೆ ಅದರೆದುರೇ ಕೂತೆವು. ಒಂದು ಮಿಡತೆ ಹಾರಿಬಂದು ಬಲೆಗೆ ಬಿತ್ತು. ಮೊದಲು ಒಂದು ಜೇಡ ಹೊರಗೆ ಬಂತು, ನಿಂತಿತು. ಆಮೇಲೆ ಎರಡು, ಐದು, ನಾವು ಎಣಿಸುತ್ತಿದ್ದಂತೆ ಹದಿನಾಲ್ಕು. ಒಂದು ಕಾಲನ್ನು ಒಂದೊಂದು ಹಿಡಿದು ಜಗ್ಗಿದವು. ಜೇಡ ಅಂದರೆ ಒಂಟಿ ಪ್ರಾಣಿ, ಇನ್ನೊಂದು ಸಿಕ್ಕರೆ ಅದನ್ನೂ ತಿನ್ನುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳುತ್ತ ಬಂದವಳು. ಒಟ್ಟಾಗಿ ಬಾಳುವ ಜಾತಿಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು, ಅದರಲ್ಲೊಂದು ನಮ್ಮ ಮನೆಯಿಂದ ರಿಕ್ಷಾದ ದೂರದಲ್ಲಿದೆ. ಈ ಜಾತಿಯಲ್ಲಿ ತಾಯಿ ತನ್ನ ಮೈಯೊಳಗಿನ ರಸವನ್ನು ಮರಿಗಳಿಗೆ ಬಾಯಿಂದ ಊಡುತ್ತದೆ, ಕೊನೆಗೆ ಮರಿಗಳು ತಾಯಿಯನ್ನೇ ತಿನ್ನುತ್ತವೆ. ಇದನ್ನು ಹೇಳಿದಾಗ ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಮುಂದೆ ವಿವರಿಸಲು ಹೋಗಲಿಲ್ಲ.

ಹತ್ತೂವರೆಗೆ ನಮ್ಮ ಕಟ್ಟಡದ ಆವರಣ. ಇಲ್ಲಿ ಏನಿರುತ್ತದೆ ಅಂತ ಮಕ್ಕಳ ಮುಖ ಸಪ್ಪಗಿತ್ತು, ಆದರೆ ಜಾತಿಗಳ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋದದ್ದು ಇದೇ. ಮೆಟ್ಟಿಲ ಕೆಳಗೆ ಉದ್ದ ಕಾಲಿನ ಕ್ರಾಸೋಪ್ರೈಜಾ, ಮುಟ್ಟಿದರೆ ಮೈಯನ್ನೇ ಗಿರಗಿರ ಅಲುಗಾಡಿಸಿ ಮಸುಕಾಗಿಬಿಡುತ್ತದೆ. ಗೋಡೆಯ ಬಿರುಕಿನಲ್ಲಿ ಸಾಸಿವೆಯಷ್ಟೇ ಇರುವ ಈಕೋಬಿಯಸ್. ಟ್ಯೂಬ್‌ಲೈಟಿನ ಪಕ್ಕ ಪ್ಲೆಕ್ಸಿಪಸ್, ಬಲೆ ನೇಯದೆ ಹಾರಿ ಹಿಡಿಯುವಂಥದ್ದು. ಮಾವಿನ ಗಿಡದಲ್ಲಿ ಕೆಂಪು ಚಗಳಿ ಇರುವೆಯ ಸಾಲು ನೋಡುತ್ತಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಈ ಇರುವೆಗೆ ಎಂಟು ಕಾಲು" ಅಂದಳು. ಇರುವೆಯ ವೇಷದ ಜೇಡ ಅದು, ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಆಡಿಸುತ್ತ ನಡೆಯುತ್ತದೆ. ಇಷ್ಟು ವರ್ಷ ಆ ಗಿಡದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದೇನೆ, ನಾನು ಕಂಡಿರಲಿಲ್ಲ.

ಮಧ್ಯಾಹ್ನ ಮುಳಶಿ ಕಡೆ, ಪರಿಚಯದವರ ಭತ್ತದ ಗದ್ದೆ. ಮಾಲೀಕರು ಒಪ್ಪಿ ಜೊತೆಗೇ ಬಂದರು. ತೆನೆ ತುಂಬಿದ ಪೈರಿನ ಮೇಲೆ ಪರದೆಯ ಬಲೆ ಹತ್ತು ಸಲ ಬೀಸಿ ದೋತರದ ಮೇಲೆ ಕೊಡವಿದರೆ ಟೆಟ್ರಾಗ್ನಾಥಾಗಳು ಉದುರಿದವು. ಗರಿಯ ಉದ್ದಕ್ಕೂ ಕಾಲು ಚಾಚಿ ಅಂಟಿಕೊಂಡರೆ ಅವೂ ಗರಿಯೇ. ಬದುವಿನ ಮೇಲೆ ತೋಳ ಜೇಡ. ಬೆನ್ನ ತುಂಬ ಮರಿ ಹೊತ್ತು ಓಡುತ್ತಿದ್ದ ತಾಯಿಯನ್ನು ಯಾರೂ ಹಿಡಿಯಲಿಲ್ಲ, ಅದು ಹೊರಡುವ ಮೊದಲೇ ಮಾಡಿಕೊಂಡ ನೇಮ. ಸಂಜೆ ಕತ್ತಲಾದ ಮೇಲೆ ಹಣೆಯ ಬ್ಯಾಟರಿ ಹಚ್ಚಿ ಬದುವಿನ ಮೇಲೆ ಬೆಳಕು ಬಿಟ್ಟೆವು. ಕಣ್ಣ ಮಟ್ಟದಲ್ಲಿ ಬೆಳಕು ಹಿಡಿದರೆ ತೋಳ ಜೇಡದ ಕಣ್ಣು ಹಸಿರಾಗಿ ಹೊಳೆಯುತ್ತದೆ. ಗದ್ದೆಯ ತುಂಬ ಹೊಳೆಯಿತು. ಮಾಲೀಕರು ಅಲ್ಲೇ ಹುಟ್ಟಿ ಬೆಳೆದವರು, ಅವರೂ ಬ್ಯಾಟರಿ ಇಸಿದುಕೊಂಡು ಸುಮ್ಮನೆ ನೋಡುತ್ತ ನಿಂತರು.

ನಾಲ್ಕನೆಯದು ಅದೇ ಹೊಲದ ಹಳ್ಳದ ದಂಡೆ, ಕತ್ತಲಾಗುವ ಮೊದಲೇ ನೋಡಿದ್ದು. ನನ್ನ ತಪ್ಪು ನಡೆದದ್ದು ಇಲ್ಲಿ. ಟ್ಯೂಬಿನ ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಬೆಳಿಗ್ಗೆಯಿಂದ ಹಾಗೇ ನಡೆದಿತ್ತು. ಹಳ್ಳಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ಲು ಕಳೆದು, ಅವಸರದಲ್ಲಿ ನಾನೇ ನನ್ನ ಬಾಲ್ ಪೆನ್ನು ಕೊಟ್ಟೆ. ಇವತ್ತು ಬೆಳಿಗ್ಗೆ ನೋಡಿದರೆ 11 ಟ್ಯೂಬಿನಲ್ಲಿ ಸ್ಪಿರಿಟ್ಟು ನೀಲಿ, ಚೀಟಿ ಖಾಲಿ. ಕಲ್ಲಿನ ಕೆಳಗೆ ಸಿಕ್ಕದ್ದು ಯಾವುದು, ನೀರ ಮೇಲಿನ ಬೇರಿನಲ್ಲಿ ಸಿಕ್ಕದ್ದು ಯಾವುದು, ತಿಳಿಯದು. 38ರಲ್ಲಿ 11 ಹೋದವು. ಜೀವ ತೆಗೆದು ತಂದದ್ದನ್ನು ಹೀಗೆ ಕಳೆದದ್ದು ನನಗೆ ಸಹಿಸಲಾಗುತ್ತಿಲ್ಲ. ಏನಾದರೂ ಉಪಾಯ ಗೊತ್ತಿದ್ದವರು ತಿಳಿಸಿ.

---

ಕುಂದಾಪ್ರ_ಡೆಕ್ಕನ್ · ಸೋಮವಾರ ರಾತ್ರಿ 10:15

ಟೀಚರೇ, ಓದಿ ಖುಷಿ ಆಯ್ತು. ಚೀಟಿ ವಿಷಯ ನಂಗೆ ಗೊತ್ತಿಲ್ಲ. ಡೆಕ್ಕನ್ನಿನ ನಮ್ಮ ಹೋಟೆಲಿನ ಉಗ್ರಾಣದಲ್ಲಿ ಅಂಗೈಯಷ್ಟು ಅಗಲದ ಚಪ್ಪಟೆ ಜೇಡ ಇದೆ, ಅಕ್ಕಿ ಮೂಟೆ ಹಿಂದೆ. ಬಲೆ ಇಲ್ಲ. ಹೊಟ್ಟೆ ಅಡಿಯಲ್ಲಿ ಬಿಳಿ ಬಿಲ್ಲೆ ಹಿಡ್ಕೊಂಡು ತಿರುಗ್ತದೆ. ಹುಡುಗರು ಹೊಡೀಲಿಕ್ಕೆ ಪೊರಕೆ ಎತ್ತಿದ್ರು, ನಾನು ತಡೆದೆ. ಅದೆಂಥದು?

---

ಟೇಕಡಿ_ಟೀಚರ್ · ಸೋಮವಾರ ರಾತ್ರಿ 10:32

ತಡೆದದ್ದು ಬಹಳ ಒಳ್ಳೆಯದಾಯಿತು. ಹೆಟೆರೋಪೋಡಾ ವೆನಟೋರಿಯಾ ಇರಬೇಕು. ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ, ಮರಿಯಾಗುವ ತನಕ ಕೆಳಗಿಡುವುದಿಲ್ಲ. ಮುಖ್ಯ ಊಟ ಜಿರಲೆ. ತೋಳ ಜೇಡ ಮೊಟ್ಟೆಚೀಲವನ್ನು ಹಿಂಭಾಗಕ್ಕೆ ಅಂಟಿಸಿಕೊಂಡು ಎಳೆಯುತ್ತದೆ, ಹಳ್ಳದ ದಂಡೆಯ ಮೀನುಗಾರ ಜೇಡದ ಬಳಗ ಬಾಯಲ್ಲಿ ಕಚ್ಚಿ ಹಿಡಿದಿರುತ್ತದೆ. ಹೊತ್ತ ರೀತಿ ನೋಡಿಯೇ ಯಾವ ಮನೆತನ ಎಂದು ಹೇಳಬಹುದು.

---

ಶೇಡಬಾಳದವ · ಮಂಗಳವಾರ ಬೆಳಿಗ್ಗೆ 7:05

ಟೀಚರ್, ನಿಮ್ಮ ಮಾತಿನಲ್ಲಿ ಪ್ರಾಮಾಣಿಕತೆ ಇದೆ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು ಬಸದಿಯ ಊರು. ಸಂಜೆ ದೀಪಕ್ಕೆ ಹುಳ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವವರ ಮನೆಯಲ್ಲಿ ಬೆಳೆದವನು ನಾನು. ಟೇಕಡಿಯಲ್ಲಿ ಬರೀ ನೋಡಿದಿರಿ, ಅದರಿಂದಲೇ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಕಲಿತದ್ದು ನಿಮ್ಮ ಬರಹದಲ್ಲೇ ಕಾಣುತ್ತದೆ. ಹಾಗಿದ್ದರೆ ಉಳಿದ ಮೂರು ಕಡೆ ಸ್ಪಿರಿಟ್ಟಿನಲ್ಲಿ ಹಾಕಿ ಕೊಲ್ಲುವ ಅಗತ್ಯ ಏನಿತ್ತು? ಹನ್ನೆರಡು ವರ್ಷದ ಮಗುವಿನ ಕೈಯಲ್ಲಿ ಕೊಲ್ಲಿಸಿದರೆ ಅದು ಕಲಿಯುವುದೇನು? ಇದು ಜಗಳ ಅಲ್ಲ, ನಿಜವಾಗಿ ತಿಳಿಯಬೇಕಾಗಿದೆ.

---

ಟೇಕಡಿ_ಟೀಚರ್ · ಮಂಗಳವಾರ ಬೆಳಿಗ್ಗೆ 8:20

ಶೇಡಬಾಳದವರೇ, ಈ ಪ್ರಶ್ನೆ ಬರಲೇಬೇಕಿತ್ತು. ಮೊದಲು ಒಂದು ಸ್ಪಷ್ಟನೆ: ಮಕ್ಕಳು ಯಾರೂ ಸ್ಪಿರಿಟ್ಟಿನಲ್ಲಿ ಹಾಕಲಿಲ್ಲ. ಹಿಡಿದರು, ಟ್ಯೂಬಿನಲ್ಲಿಟ್ಟು ನೋಡಿದರು, ಚೀಟಿ ಬರೆದರು. ಸ್ಪಿರಿಟ್ಟು ಹಾಕಿದ್ದು ನಾನು, ಅವರಿಗೆ ಮರೆಮಾಚದೆ, ಯಾಕೆಂದು ಹೇಳಿ. ಹಿಡಿದದ್ದರಲ್ಲಿ ಹೆಚ್ಚಿನವನ್ನು ಹಿಡಿದ ಜಾಗದಲ್ಲೇ ಬಿಟ್ಟೆವು. ಮರಿ ಬಿಟ್ಟೆವು, ಮೊಟ್ಟೆ ಹೊತ್ತದ್ದನ್ನು ಬಿಟ್ಟೆವು, ಒಂದು ಬಗೆಯದರಲ್ಲಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ.

ಇಟ್ಟುಕೊಂಡದ್ದು ಯಾಕೆಂದರೆ, ಆ ಗದ್ದೆಯಲ್ಲಿ ಆ ಹಳ್ಳದಲ್ಲಿ ಏನಿದೆ ಎಂದು ಇಂದಿನವರೆಗೆ ಯಾರೂ ಬರೆದಿಟ್ಟದ್ದು ನಾನು ಕಂಡಿಲ್ಲ. ಮುಳಶಿ ರಸ್ತೆಯಲ್ಲಿ ವಾರಕ್ಕೊಂದು ಹೊಸ ಲೇಔಟಿನ ಫಲಕ ಏಳುತ್ತಿದೆ. ನಾಳೆ ಆ ಹಳ್ಳದ ಮೇಲೆ ಕಾಂಕ್ರೀಟು ಬಿದ್ದರೆ ಅಲ್ಲಿ ಇದ್ದದ್ದು ಇತ್ತು ಎನ್ನಲು ಏನು ಉಳಿದೀತು? ಒಂದು ಜೇಡ, ಅದರ ಜೊತೆ ಎಲ್ಲಿ, ಎಂದು, ಯಾವುದರ ಕೆಳಗೆ ಎಂಬ ಒಂದು ಚೀಟಿ. ಚೀಟಿ ಇಲ್ಲದಿದ್ದರೆ ಅದು ಬರೀ ಸತ್ತ ಹುಳ. ಅದಕ್ಕೇ ಆ 11 ಟ್ಯೂಬು ನನಗೆ ನಿದ್ದೆ ಕೊಡುತ್ತಿಲ್ಲ. ನೀವು ಕೇಳಿದ ಪ್ರಶ್ನೆಗೆ ಆ 11ರ ಮಟ್ಟಿಗೆ ನನ್ನ ಹತ್ತಿರ ಉತ್ತರ ಇಲ್ಲ.

---

ಕ್ಯಾಮೆರಾ_ಕಣ್ಣು · ಮಂಗಳವಾರ ಬೆಳಿಗ್ಗೆ 11:48

ಫೋಟೋ ಸಾಕಲ್ಲವೇ? ಈಗಿನ ಮ್ಯಾಕ್ರೋ ಲೆನ್ಸಿನಲ್ಲಿ ಕಾಲಿನ ಕೂದಲೂ ಎಣಿಸಬಹುದು. ಐನ್ಯಾಚುರಲಿಸ್ಟ್ ಎಂಬ ಜೀವಿಗಳ ಫೋಟೋ ಜಾಲತಾಣದಲ್ಲಿ ಹಾಕಿದರೆ ಜಾಗ, ಸಮಯ ತಾನೇ ದಾಖಲಾಗುತ್ತದೆ, ಚೀಟಿ ಅಳಿಸುವ ಭಯವೂ ಇಲ್ಲ. ಬಲೆಯ ಫೋಟೋಕ್ಕೆ ಕೆಲವರು ಮೆಕ್ಕೆಜೋಳದ ಹಿಟ್ಟು ಉದುರಿಸುತ್ತಾರೆ, ದಯವಿಟ್ಟು ಬೇಡ, ಅಂಟು ಕೆಟ್ಟು ಅದು ಪೂರ್ತಿ ಹೊಸದು ನೇಯಬೇಕಾಗುತ್ತದೆ. ಬೆಳಿಗ್ಗೆ ಇಬ್ಬನಿಯಲ್ಲಿ ಹೋಗಿ, ಇಲ್ಲವೆ ನೀರಿನ ಮಂಜು ಹೊಡೆಯಿರಿ.

---

ಹಳೇ_ಸೂಕ್ಷ್ಮದರ್ಶಕ · ಮಂಗಳವಾರ ಮಧ್ಯಾಹ್ನ 3:30

ನಾನು ನಿವೃತ್ತ, ಹುಳಗಳ ಸಂಗ್ರಹದ ಕೆಲಸದಲ್ಲೇ ಕೂದಲು ಬೆಳ್ಳಗಾದವನು. ಮೊದಲು ಟೀಚರಿಗೆ ತುರ್ತು ಮಾತು: ಆ ಖಾಲಿ ಚೀಟಿಗಳನ್ನು ಎಸೆಯಬೇಡಿ! ಬಾಲ್ ಪೆನ್ನಿನ ಶಾಯಿ ಕರಗುತ್ತದೆ, ಒತ್ತಿ ಬರೆದ ಗೀರು ಕಾಗದದಲ್ಲಿ ಉಳಿದಿರುತ್ತದೆ. ಚೀಟಿಯನ್ನು ಚಿಮಟದಲ್ಲಿ ತೆಗೆದು ಗಾಜಿನ ಮೇಲೆ ಹರಡಿ ಒಣಗಲು ಬಿಡಿ. ಕೋಣೆ ಕತ್ತಲು ಮಾಡಿ, ಬ್ಯಾಟರಿಯನ್ನು ಮೇಲಿಂದಲ್ಲ, ಮೇಜಿನ ಮಟ್ಟದಲ್ಲಿ ಅಡ್ಡಡ್ಡ ಹಿಡಿಯಿರಿ. ಗೀರಿನ ನೆರಳು ಬಿದ್ದು ಅಕ್ಷರ ಮೂಡುತ್ತದೆ. ಮಕ್ಕಳು ಒತ್ತಿ ಬರೆಯುವವರು, ಅದೇ ನಿಮಗೆ ವರ. ಒಂದು ಟ್ಯೂಬಿನದು ಮುಗಿಯುವ ತನಕ ಇನ್ನೊಂದರ ಮುಚ್ಚಳ ತೆಗೆಯಬೇಡಿ.

ಇನ್ನು ಕ್ಯಾಮೆರಾ_ಕಣ್ಣು ಅವರಿಗೆ. ಫೋಟೋ ಬೇಕು, ಜೇಡ ಬದುಕಿದ್ದಾಗಿನ ಬಣ್ಣ ಸ್ಪಿರಿಟ್ಟಿನಲ್ಲಿ ಉಳಿಯುವುದಿಲ್ಲ. ಸಹಿ ಜೇಡದಂಥ ದೊಡ್ಡ, ಗುರುತಿನ ಜಾತಿಗೆ ಫೋಟೋ ಸಾಕು. ಆದರೆ ತೋಳ ಜೇಡಗಳಲ್ಲಿ, ನೆಲದ ಕಂದು ಜೇಡಗಳಲ್ಲಿ, ಒಂದೇ ರೂಪದ ಹತ್ತು ಜಾತಿ ಇರುತ್ತವೆ. ಗಂಡಾದರೆ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ, ಹೆಣ್ಣಾದರೆ ಹೊಟ್ಟೆಯ ಅಡಿಯ ಜನನಾಂಗದ ತಟ್ಟೆ, ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೆಸರು ಹೇಳುವುದು ಊಹೆ. ಬೀಗಕ್ಕೊಂದು ಕೀಲಿಯಂತೆ ಪ್ರತಿ ಜಾತಿಗೆ ಅದರದೇ ಆಕಾರ. ಪೂರ್ತಿ ಬೆಳೆಯದ ಜೇಡದಲ್ಲಿ ಇವು ಇರುವುದಿಲ್ಲ, ಆದ್ದರಿಂದಲೇ ಮರಿಗಳನ್ನು ಕೊಂದು ತರುವುದು ತಪ್ಪು, ಟೀಚರ್ ಬಿಟ್ಟದ್ದು ಸರಿ.

ಪುಣೆಯವರಿಗೆ ಇನ್ನೊಂದು ಮಾತು. ಭಾರತದ ಜೇಡಗಳ ಬಗ್ಗೆ ಬ್ರಿಟಿಷರ ಕಾಲದಲ್ಲಿ 1900ರಲ್ಲಿ ಪೋಕಾಕ್ ದೊಡ್ಡ ಹೊತ್ತಗೆ ಬರೆದ. ಸ್ವಾತಂತ್ರ್ಯ ಬಂದ ಮೇಲೆ ಆ ಕೆಲಸವನ್ನು ಹೆಗಲಿಗೇರಿಸಿಕೊಂಡವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಬಿ. ಕೆ. ಟಿಕಾದರ್. ಅವರು ಬಹಳ ಕಾಲ ಇದೇ ಪುಣೆಯ ಶಾಖೆಯಲ್ಲಿದ್ದರು. 1980ರಲ್ಲಿ ಟಿಕಾದರ್ ಮತ್ತು ಮಲ್ಹೋತ್ರಾ ಒಂದು ತೋಳ ಜೇಡಕ್ಕೆ ಲೈಕೋಸಾ ಪೂನಾಯೆನ್ಸಿಸ್ ಎಂದು ಹೆಸರಿಟ್ಟರು, ಅಂದರೆ ಪುಣೆಯದು. ಜೇಡದ ಹೆಸರಿನಲ್ಲೇ ಊರು ಕೂತಿದೆ. 2021ರಲ್ಲಿ ಠಾಣೆ-ಕಲ್ಯಾಣ ಭಾಗದಲ್ಲಿ ಸಿಕ್ಕ ಹೊಸ ಹಾರುವ ಜೇಡಕ್ಕೆ ಐಸಿಯಸ್ ತುಕಾರಾಮಿ ಎಂದು ಹೆಸರಾಯಿತು, 26/11ರ ರಾತ್ರಿ ಕಸಬ್‌ನ ಬಂದೂಕು ಬಿಡದೆ ಹಿಡಿದು ಪ್ರಾಣ ಕೊಟ್ಟ ತುಕಾರಾಮ ಓಂಬಳೆಯವರ ನೆನಪಿಗೆ. ಜಗತ್ತಿನಲ್ಲಿ ಹೆಸರು ಪಡೆದ ಜೇಡ ಜಾತಿಗಳ ಎಣಿಕೆ 2022ರಲ್ಲಿ 50,000 ದಾಟಿತು. ಹೊಸವು ಕಾಡಿನ ನಡುವೆಯೇ ಸಿಗಬೇಕೆಂದಿಲ್ಲ, ಲೋಕಲ್ ಟ್ರೇನಿನ ಊರುಗಳಲ್ಲೂ ಸಿಗುತ್ತಿವೆ.

---

ಕೋಥ್ರೂಡ_ಕಾಕು · ಮಂಗಳವಾರ ಸಂಜೆ 5:10

ನೀವೆಲ್ಲಾ ಶಾಣ್ಯಾರು ಮಾತಾಡಾಕತ್ತೀರಿ, ನಂದೊಂದು ಸಣ್ಣ ಮಾತು. ನಾಳಿಂದ ದೀಪಾವಳಿಗೆ ಇಲ್ಲಣ ತಗಿಯೂದು ಅದ. ನಮ್ಮವ್ವ ಹೇಳ್ತಿದ್ದಳು, ಜೇಡ ಮೈಮ್ಯಾಲೆ ಉಚ್ಚಿ ಹೊಯ್ದರ ಗುಳ್ಳಿ ಏಳ್ತಾವು ಅಂತ. ಹೋದ ವರ್ಷ ಮೊಮ್ಮಗನ ಕುತ್ತಿಗಿ ಮ್ಯಾಲೆ ಒಂದು ಗೆರಿ ಎಳದಂಗ ಕೆಂಪ ಗುಳ್ಳಿ ಎದ್ದು ನಾಕ ದಿವಸ ಉರೀತು. ಆಗಿಂದ ನಾ ಜೇಡ ಕಂಡರ ಕಸಬರಗಿ ತಗೋತೀನಿ. ಹುಡುಗರನ್ನ ಹಂಗ ಹಿಡೀಲಿಕ್ಕೆ ಕಳಸೂದು ಬರೋಬ್ಬರಿ ಏನ್ರಿ?

---

ಚರ್ಮದ_ಡಾಕ್ಟರು · ಮಂಗಳವಾರ ರಾತ್ರಿ 9:02

ಕಾಕು, ಈ ಗುಳ್ಳೆ ನೋಡದ ಮಳೆಗಾಲ ನನ್ನ ದವಾಖಾನೆಯಲ್ಲಿ ಇಲ್ಲ. ನೀವು ಹೇಳಿದ "ಗೆರೆ ಎಳೆದಂತೆ" ಎಂಬ ಗುರುತಿನ ಮೇಲೆ ಇದು ಬಹುಪಾಲು ಜೇಡದ್ದಲ್ಲ ಅನ್ನಿಸುತ್ತದೆ. ಪೀಡರಸ್ ಎಂಬ ಸಣ್ಣ ಹುಳ ಇದೆ, ಜೀರುಂಡೆಯ ಜಾತಿ, ಇರುವೆಯಷ್ಟು ತೆಳ್ಳಗೆ, ಕಪ್ಪು ಮತ್ತು ಕಿತ್ತಳೆ ಪಟ್ಟೆ. ಮಳೆಗಾಲದಲ್ಲಿ, ಅದು ಮುಗಿಯುವ ಹೊತ್ತಿಗೆ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ. ನಿದ್ದೆಗಣ್ಣಲ್ಲಿ ಕುತ್ತಿಗೆಯ ಮೇಲೆ ಅದನ್ನು ಉಜ್ಜಿದರೆ ಅದರ ಮೈಯ ರಸ ತಾಕಿ, ಒಂದು ದಿನ ಬಿಟ್ಟು ಉಜ್ಜಿದ ಗೆರೆಯಲ್ಲೇ ಚರ್ಮ ಸುಟ್ಟಂತಾಗುತ್ತದೆ. ಎದ್ದು ನೋಡಿದಾಗ ಗೋಡೆಯ ಮೇಲೆ ಜೇಡ ಇರುತ್ತದೆ, ಅಪವಾದ ಅದಕ್ಕೆ. ಮೈಮೇಲೆ ಕೂತರೆ ಹೊಸಕಬೇಡಿ, ಊದಿ ಹಾರಿಸಿ, ಸೋಪು ಹಚ್ಚಿ ತೊಳೆಯಿರಿ. ಸೊಂಟದ ಒಂದೇ ಪಕ್ಕಕ್ಕೆ ಪಟ್ಟಿಯಾಗಿ ಏಳುವ ಸರ್ಪಸುತ್ತು ಮತ್ತೆ ಬೇರೆ, ಅದು ಹಿಂದೆ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ಮರಳಿ ಏಳುವುದು.

ಜೇಡಗಳಲ್ಲಿ ಬಹುತೇಕ ಎಲ್ಲಕ್ಕೂ ವಿಷ ಇದೆ, ಹುಳ ಕೊಲ್ಲುವಷ್ಟು. ಮನೆಯಲ್ಲಿ ಕಾಣುವ ಸಣ್ಣವುಗಳ ಹಲ್ಲು ನಮ್ಮ ಚರ್ಮ ದಾಟುವುದೇ ಅಪರೂಪ. ಆದರೂ ಮಕ್ಕಳು ಬರಿಗೈಯಲ್ಲಿ ಹಿಡಿಯಬಾರದು, ಕುಂಚದಿಂದ ಟ್ಯೂಬಿಗೆ ದೂಡಬೇಕು. ಕಲ್ಲು ಎತ್ತುವಾಗ ಬೆರಳು ಅಡಿಗೆ ಹಾಕಬಾರದು. ಅದು ಜೇಡದ ಭಯಕ್ಕಲ್ಲ, ಚೇಳು ಇರುತ್ತದೆ.

---

ಹಳೇ_ಸೂಕ್ಷ್ಮದರ್ಶಕ · ಮಂಗಳವಾರ ರಾತ್ರಿ 9:25

ಡಾಕ್ಟರ ಮಾತಿಗೆ ಒಂದು ಸೇರಿಕೆ. "ಬಹುತೇಕ" ಅಂದರಲ್ಲ, ವಿಷದ ಗ್ರಂಥಿಯೇ ಇಲ್ಲದ ಮನೆತನವೂ ಒಂದಿದೆ: ಯುಲೋಬೊರಿಡೆ. ಅದರಲ್ಲಿ ಜೋಸಿಸ್ ಎಂಬುದು ನಮ್ಮ ಮನೆಗಳ ಮೂಲೆಯಲ್ಲೇ ಇರುತ್ತದೆ, ಚಕ್ರದ ಬಲೆಯನ್ನು ನಿಲ್ಲಿಸದೆ ತಟ್ಟೆಯಂತೆ ಅಡ್ಡ ಹಾಸುತ್ತದೆ. ಕಚ್ಚಿ ವಿಷ ಬಿಡಲು ಗ್ರಂಥಿ ಇಲ್ಲದ್ದರಿಂದ ಹುಳಕ್ಕೆ ಮೀಟರುಗಟ್ಟಲೆ ನೂಲು ಸುತ್ತಿ ಬಿಗಿಯುತ್ತದೆ. ಕಾಕು, ಇಲ್ಲಣ ತೆಗೆಯುವಾಗ ಅಡ್ಡ ಬಲೆ ಕಂಡರೆ ಒಂದು ಕ್ಷಣ ನಿಲ್ಲಿ.

---

ಬನಹಟ್ಟಿ_ಮಗ್ಗ · ಬುಧವಾರ ಬೆಳಿಗ್ಗೆ 6:50

ನಮ್ಮ ಅಪ್ಪ ಬನಹಟ್ಟಿಯೊಳಗ ಸೀರಿ ನೇಯಾವರು. ನಾ ಪಿಂಪ್ರಿಯೊಳಗ ಕಾರ್ಖಾನಿ ಕೆಲಸಕ್ಕ ಬಂದೆ. ನಮ್ಮ ಮಂದಿಗೆ ಜೇಡ ಅಂದರ ಬರೀ ಹುಳ ಅಲ್ರಿ, ನೇಕಾರನಿಗೂ ಅದೇ ಹೆಸರು. ಜೇಡರ ದಾಸಿಮಯ್ಯ ನಮ್ಮ ಕುಲದಾಂವ. ಹಿಂಗಾಗಿ ಒಂದ ಸಲ ಬಾಲ್ಕನ್ಯಾಗ ರಾತ್ರಿ ಪೂರ್ತಿ ಎಚ್ಚರಿದ್ದು ಒಂದು ಜೇಡ ಬಲಿ ನೇಯೂದು ನೋಡೀನಿ.

ಮೊದಲ ನಡುವಿಂದ ಹೊರಗ ಎಳಿ ಎಳೀತದ, ಅದು ಹಾಸು. ಅದಕ್ಕ ಅಂಟಿಲ್ಲ, ಅದರ ಮ್ಯಾಲೆ ತಾ ನಡೀತದ. ಆಮ್ಯಾಲೆ ನಡುವಿಂದ ದೂರ ದೂರ ಒಂದು ಸುತ್ತು ಹಾಕಿಕೊಂಡು ಹೊರಗ ಹೋಗ್ತದ, ಅದಕ್ಕೂ ಅಂಟಿಲ್ಲ. ಇದೇನಪಾ ಇಷ್ಟು ವಿರಳ ಅಂದ್ಕೊಂಡೆ. ಅಂಚಿಗೆ ಮುಟ್ಟಿ ತಿರಗಿ ಒಳಗ ಬರೂವಾಗ ಅಂಟಿನ ಎಳಿ ಒತ್ತೊತ್ತಾಗಿ ಹೊಕ್ಕು ಹೊಡೀತದ, ಮೊದಲ ಹಾಕಿದ ವಿರಳ ಸುತ್ತನ್ನ ಬಿಚ್ಚಿಕೋತ ಬರ್ತದ. ಅದು ಬರೀ ಅಳತಿಗೆ ಹಾಕಿದ ಎಳಿ! ಒಂದೊಂದ ಎಳಿ ಹಾಕೂಮುಂದ ಹಿಂದಿನ ಎಳಿಯನ್ನ ಕಾಲಿಲೆ ಮುಟ್ಟಿ ಅಂತರ ನೋಡ್ತದ. ನಮ್ಮಪ್ಪ ಮಗ್ಗದ ಹಣಗಿ ಮ್ಯಾಲೆ ಬೆರಳಾಡಿಸಿದಂಗ. ಬೆಳಗಾಗೂ ಮುಂದ ಹರಿದ ಬಲಿ ತಾನ ತಿಂದು ಮರುದಿನ ಅದೇ ನೂಲು ಮತ್ತ ನೇಯ್ತದ. ಟೀಚರ್, ಮುಂದಿನ ಸಲ ಮಕ್ಕಳಿಗೆ ಒಂದು ಇಡೀ ಬಲಿ ನೇಯೂದು ತೋರಸ್ರಿ, ಒಂದು ತಾಸು ಸಾಕು.

---

ಸಿಂಧನೂರು_ಕಾಲುವೆ · ಬುಧವಾರ ಮಧ್ಯಾಹ್ನ 1:15

ಗದ್ದೆಯ ಸಾಲು ಓದಿ ಬರೆಯುತ್ತಿದ್ದೇನೆ. ನಾನು ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ, ಮನೆಯಲ್ಲಿ ತುಂಗಭದ್ರಾ ಕಾಲುವೆಯ ಭತ್ತ. ಒಂದು ವರ್ಷ ಕಂದು ಜಿಗಿಹುಳು ಬಿದ್ದು ಗದ್ದೆ ಸುಟ್ಟಂತೆ ಗುಂಡು ಗುಂಡಾಗಿ ಒಣಗಿತು. ನಾವು ಎರಡು ಸಲ ಔಷಧಿ ಹೊಡೆದೆವು, ಮೂರನೆಯ ಸಲವೂ ಹೊಡೆದೆವು, ಹೊಡೆದಷ್ಟೂ ಹೆಚ್ಚಿತು. ಆಮೇಲೆ ಕೃಷಿ ತಜ್ಞರೊಬ್ಬರು ಬಂದು ಪೈರಿನ ಬುಡ ಬಿಡಿಸಿ ತೋರಿಸಿ, "ಇಲ್ಲಿ ಓಡಾಡಬೇಕಾದ ಜೇಡ ಎಲ್ಲಿ?" ಎಂದು ಕೇಳಿದರು. ಒಂದೂ ಇರಲಿಲ್ಲ. ಜಿಗಿಹುಳದ ಮೊಟ್ಟೆ ಗರಿಯ ಒಳಗೆ ಉಳಿದು ಮತ್ತೆ ಏಳುತ್ತದೆ, ಅದನ್ನು ತಿನ್ನುವ ತೋಳ ಜೇಡ ಮೊದಲ ಔಷಧಿಗೇ ಸತ್ತಿರುತ್ತದೆ. ಪಾರ್ಡೋಸಾ ಸ್ಯೂಡೋಅನುಲಾಟಾ ಅಂತ ಹೆಸರು, ಏಷ್ಯಾದ ಭತ್ತದ ನಾಡುಗಳಲ್ಲೆಲ್ಲ ಇದೆ.

ಶೇಡಬಾಳದವರಿಗೆ ಹೇಳಬೇಕಾದ್ದು ಇದೇ. 38 ಜೇಡಕ್ಕೆ ನಿಮ್ಮ ಮನಸ್ಸು ನೊಂದದ್ದು ನನಗೆ ಅರ್ಥವಾಗುತ್ತದೆ. ನಮ್ಮ ಒಂದು ಎಕರೆಯಲ್ಲಿ ಒಂದೇ ಮುಂಜಾನೆ ನಾವು ಕೊಂದದ್ದಕ್ಕೆ ಲೆಕ್ಕವೇ ಇಲ್ಲ, ಹೆಸರೂ ತಿಳಿಯದೆ ಕೊಂದೆವು. ಮುಳಶಿಯ ಆ ಗದ್ದೆಯಲ್ಲಿ ಅಷ್ಟು ಕಣ್ಣು ಹೊಳೆದವು ಅಂದರೆ ಆ ರೈತರು ಔಷಧಿ ಕಡಿಮೆ ಹೊಡೆಯುವವರಿರಬೇಕು. ಕೇಳಿ ಹೇಳುತ್ತೀರಾ ಟೀಚರ್?

---

ಶೇಡಬಾಳದವ · ಬುಧವಾರ ಸಂಜೆ 6:05

ಸಿಂಧನೂರಿನವರ ಮಾತು ಎರಡು ಸಲ ಓದಿದೆ. ಹೆಸರು ತಿಳಿಯದೆ ಕೊಂದೆವು ಎಂಬ ಮಾತು ಮನಸ್ಸಿಗೆ ತಾಗಿತು. ಆದರೂ ನನ್ನ ನಿಲುವು ಪೂರ್ತಿ ಬದಲಾಗಿಲ್ಲ. ತಜ್ಞರು ಹೆಸರಿಗಾಗಿ ಒಂದೆರಡು ತೆಗೆದುಕೊಳ್ಳಲಿ, ಅದಕ್ಕೆ ಅವರು ಉತ್ತರ ಕೊಡಬಲ್ಲರು. ಮಕ್ಕಳ ಪ್ರವಾಸದಲ್ಲಿ ಸ್ಪಿರಿಟ್ಟಿನ ಬಾಟಲಿ ಬೇಡ ಎಂದೇ ನನ್ನ ವಿನಂತಿ. ಟೇಕಡಿಯ ನೇಮವನ್ನೇ ಎಲ್ಲ ಕಡೆ ಇಟ್ಟುಕೊಂಡರೆ ನಾನೂ ನನ್ನ ಮಗಳೂ ಬರುತ್ತೇವೆ.

---

ಟೇಕಡಿ_ಟೀಚರ್ · ಗುರುವಾರ ರಾತ್ರಿ 11:20

ನಿನ್ನೆ ಮತ್ತು ಇವತ್ತು ರಾತ್ರಿ ಆ ಚೀಟಿಗಳ ಜೊತೆ ಕೂತಿದ್ದೆ. ಸೂಕ್ಷ್ಮದರ್ಶಕದವರೇ, ನಿಮಗೆ ಕೈ ಮುಗಿಯುತ್ತೇನೆ. ದೀಪ ಆರಿಸಿ ಬ್ಯಾಟರಿಯನ್ನು ಮೇಜಿಗೆ ತಾಗಿಸಿ ಅಡ್ಡ ಹಿಡಿದಾಗ ಮೊದಲು ಕಂಡದ್ದು "ಬೇ", ಆಮೇಲೆ "ರು". ಬೇರು! ನನಗೆ ಕಣ್ಣೀರೇ ಬಂತು. ಐದು ಚೀಟಿ ಹೀಗೆ ಓದಿದೆ. ಇನ್ನೆರಡನ್ನು ಒಂದು ಮಗುವಿನ ಅಮ್ಮನ ಫೋನಿನ ಫೋಟೋದಿಂದ ಹೊಂದಿಸಿದೆವು: ಕಲ್ಲಿನ ಮೇಲಿದ್ದ ಜೇಡ, ಟ್ಯೂಬು ಹಿಡಿದ ಕೈ, ಸಂಜೆ 5:22. ಎಡಗಡೆಯ ಮೂರನೇ ಕಾಲು ಮುರಿದಿದ್ದರಿಂದ ಗುರುತು ತಪ್ಪುವಂತಿರಲಿಲ್ಲ. ಉಳಿದ ನಾಲ್ಕು ಸಿಗಲಿಲ್ಲ. ಅವಕ್ಕೆ ಊಹೆಯ ಚೀಟಿ ಹಚ್ಚುವುದಿಲ್ಲ. "ಹಳ್ಳದ ದಂಡೆ, ನಿಖರ ಜಾಗ ತಿಳಿಯದು" ಎಂದು ಪೆನ್ಸಿಲ್ಲಿನಲ್ಲಿ ಬರೆದು ಹಾಕಿದ್ದೇನೆ.

ಓದಿದ ಐದು ಚೀಟಿಯಿಂದ ಒಂದು ಸಂಗತಿ ತಿಳಿಯಿತು. ಹಳ್ಳದ ಬೇರಿನಲ್ಲಿ ಸಿಕ್ಕ ಎರಡೂ ಒಂದೇ ಬಗೆ, ನಾಲ್ಕು ಹೆಜ್ಜೆ ದೂರದ ಕಲ್ಲಿನ ಕೆಳಗೆ ಸಿಕ್ಕವು ಬೇರೆಯೇ. ನಡುವೆ ಇದ್ದದ್ದು ಬರೀ ಒದ್ದೆ ಮರಳು. ಒಂದೇ ಹಳ್ಳ ಎಂದು ನಾನು ಒಂದೇ ನೆಲೆಯೆಂದು ಎಣಿಸಿದ್ದೆ, ಜೇಡಗಳಿಗೆ ಅದು ಎರಡು ಊರು.

ಸಿಂಧನೂರಿನವರೇ, ಫೋನ್ ಮಾಡಿ ಕೇಳಿದೆ. ಆ ಗದ್ದೆ ಮನೆಯ ಊಟಕ್ಕೆ ಬೆಳೆಯುವುದಂತೆ, ಮೂರು ವರ್ಷದಿಂದ ಔಷಧಿ ಹೊಡೆದಿಲ್ಲವಂತೆ. ಶೇಡಬಾಳದವರೇ, ಮುಂದಿನ ಭಾನುವಾರಗಳು ಪೂರ್ತಿ ಟೇಕಡಿಯ ನೇಮದಲ್ಲೇ. ಸ್ಪಿರಿಟ್ಟು ತಗೊಳ್ಳಲೇಬೇಕಾದ ಕೆಲಸ ಬಂದರೆ ನಾನೊಬ್ಬಳೇ ಹೋಗುತ್ತೇನೆ, ಮಕ್ಕಳನ್ನು ಕರೆದೊಯ್ಯುವುದಿಲ್ಲ. ನಿಮ್ಮ ಮಗಳನ್ನು ಕರೆತನ್ನಿ. ಬನಹಟ್ಟಿಯವರು ಬಂದರೆ ಬಲೆ ನೇಯುವುದನ್ನು ಮಕ್ಕಳಿಗೆ ಅವರೇ ತೋರಿಸಬೇಕು, ನನಗೆ ಹಾಸು ಹೊಕ್ಕಿನ ಆ ಮಾತು ಬಾರದು.

---

ಏಳನೇತ್ತೆಯ_ಅಮ್ಮ · ಶುಕ್ರವಾರ ಬೆಳಿಗ್ಗೆ 10:00

ಎಂಟು ಕಾಲಿನ ಇರುವೆ ಕಂಡವಳು ನನ್ನ ಮಗಳು. ಒಂದು ಪ್ರಶ್ನೆ ಕಳಿಸಿದ್ದಾಳೆ: ಸತ್ತ ಜೇಡ ಯಾವಾಗಲೂ ಕಾಲು ಮುದುಡಿಕೊಂಡೇ ಯಾಕೆ ಇರುತ್ತದೆ?

---

ಹಳೇ_ಸೂಕ್ಷ್ಮದರ್ಶಕ · ಶುಕ್ರವಾರ ಬೆಳಿಗ್ಗೆ 10:40

ಮಗೂ, ನಿನ್ನ ಕಾಲಿನಲ್ಲಿ ಮಡಚಲು ಒಂದು ಸ್ನಾಯು, ಚಾಚಲು ಇನ್ನೊಂದು ಸ್ನಾಯು ಇದೆ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಮಾತ್ರ ಇದೆ. ಚಾಚಬೇಕಾದರೆ ಮೈಯೊಳಗಿನ ದ್ರವವನ್ನು ಕಾಲಿಗೆ ಒತ್ತಿ ತಳ್ಳುತ್ತದೆ, ನೀರು ಬಿಟ್ಟಾಗ ಪೈಪು ನೆಟ್ಟಗಾಗುವಂತೆ. ಸತ್ತ ಮೇಲೆ ಒತ್ತುವವರಿಲ್ಲ, ಕಾಲು ಒಳಕ್ಕೆ ಬರುತ್ತದೆ. ಹಾರುವ ಜೇಡ ಹಾರುವುದೂ ಹಿಂಗಾಲಿನ ಇದೇ ಒತ್ತಡದಿಂದ. ಈ ಪ್ರಶ್ನೆಯನ್ನು ನಿನ್ನ ವಹಿಯಲ್ಲಿ ತಾರೀಖು ಹಾಕಿ ಬರೆದಿಡು.

---

ಕೋಥ್ರೂಡ_ಕಾಕು · ಶನಿವಾರ ಮುಂಜಾನೆ 7:45

ಟೀಚರ್, ಇಲ್ಲಣ ತಗಿಯೂದು ಮುಗೀತು, ಒಂದು ಮೂಲಿ ಬಿಟ್ಟು. ಫೋಟೋ ಹಚ್ಚೀನಿ. ಚೀಟಿ ಹೆಂಗ ಬರೀಬೇಕು ಅಂತ ಮೊಮ್ಮಗ ಹೇಳಿಕೊಟ್ಟ, ಪೆನ್ಸಿಲ್‌ಲೇ ಬರದೀನಿ, ಗ್ವಾಡಿಗೆ ಅಂಟಿಸೀನಿ. ಓದಿ ಬರೋಬ್ಬರಿ ಅದನೋ ಇಲ್ಲೋ ಹೇಳ್ರಿ:

ಪುಣೆ, ಕೋಥ್ರೂಡ, ಮೂರನೇ ಮಾಳಿಗಿ. ದೇವರ ಮನಿ ಕಿಡಕಿ, ಎಡಗಡೆ ಮ್ಯಾಲಿನ ಮೂಲಿ. ಬಲಿ ಅಡ್ಡ ಹಾಸೇದ, ತಾಟಿನಷ್ಟು. ಶನಿವಾರ, ಮುಂಜಾನೆ 7:10. ನೋಡಿದವರು: ಅಜ್ಜಿ, ಮೊಮ್ಮಗ. ಜೇಡ ಅಲ್ಲೇ ಅದ.